ಹಾಲ್‌ನಲ್ಲಿ 92, ಮಹಡಿ ಮೇಲೆ 3: ಈ ವೈಫೈ ಸಹವಾಸ ಸಾಕಾಗಿದೆ

ಮಹಡಿಮನೆ_ತುಮಕೂರು
ಶನಿವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ. ಮೂರು ವಾರದಿಂದ ಮನೆ ವೈಫೈ ಜೊತೆ ಗುದ್ದಾಡಿ ತಲೆ ಕೆಟ್ಟಿದೆ. ಯಾರ ಹತ್ತಿರ ಹೇಳಿಕೊಂಡರೂ "ರೂಟರ್ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ. ಆಫ್ ಮಾಡಿ ಆನ್ ಮಾಡಿ ಸ್ವಿಚ್ಚೇ ಸವೆದುಹೋಗಿದೆ.

ಮನೆ ತುಮಕೂರಿನ ಚಿಕ್ಕಪೇಟೆ ಕಡೆ. ಮುಂದಿನ ಭಾಗ ತಾತ ಕಟ್ಟಿಸಿದ್ದು, ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯೊಳಗೆ ಮಕ್ಕಳು ಕಾಲು ಮಡಚಿ ಕೂತು ಓದುತ್ತಾರೆ. ಹಿಂದಿನ ಭಾಗ ಅಪ್ಪ ಕಟ್ಟಿಸಿದ್ದು, ಮಾಮೂಲಿ ಆರ್‌ಸಿಸಿ, ಅದರ ಮೇಲೆ ಒಂದು ರೂಮು. ಆ ರೂಮೇ ನನ್ನ ಆಫೀಸು. ಕಂಪನಿ ಇರುವುದು ಬೆಂಗಳೂರಿನಲ್ಲಿ, ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗಿ ಬರುತ್ತೇನೆ, ಮಿಕ್ಕ ಮೂರು ದಿನ ಮನೆಯಿಂದಲೇ ಕೆಲಸ.

ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್. ಹಾಕಲು ಬಂದ ಹುಡುಗ ಬೀದಿ ಬಾಗಿಲ ಪಕ್ಕದಲ್ಲೇ, ಹಾಲ್‌ನ ಮೂಲೆಯಲ್ಲಿ, ಟಿವಿ ಹಿಂದೆ ಬಾಕ್ಸ್ ಹೊಡೆದ. "ಸಾರ್, ವೈರ್ ಇಷ್ಟೇ ಇರೋದು" ಅಂದ. ಒಂದು ಫೋಟೋ ತೆಗೆದುಕೊಂಡು ಹೊರಟೇಬಿಟ್ಟ. ಟಿವಿ ಮುಂದೆ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ 92 ಬರುತ್ತದೆ. ನಡುಮನೆಗೆ ಬಂದರೆ 25. ಅಡುಗೆಮನೆ ದಾಟಿ ಮೆಟ್ಟಿಲು ಹತ್ತಿದರೆ 3, ಒಮ್ಮೊಮ್ಮೆ ಅದೂ ಇಲ್ಲ. ಮೀಟಿಂಗ್ ನಡುವೆ ನಾನು ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತೇನೆ. ಆ ಸ್ಕ್ರೀನ್‌ಶಾಟ್ ಈಗ ಆಫೀಸ್ ಗ್ರೂಪಿನಲ್ಲಿ ಸ್ಟಿಕ್ಕರ್ ಆಗಿದೆ.

ಮೊದಲ ವಾರ ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ತರಿಸಿದೆ, 1,600 ರೂಪಾಯಿ. ಮೇಲಿನ ರೂಮಿನ ಪ್ಲಗ್ಗಿಗೆ ಹಾಕಿದೆ. ಫೋನಿನಲ್ಲಿ ಸಿಗ್ನಲ್ ಫುಲ್, ಎಲ್ಲಾ ಕಡ್ಡಿ ಇದೆ! ಸ್ಪೀಡ್ ಮಾತ್ರ 2. ಇದ್ದದ್ದರಲ್ಲೂ ಒಂದು ಹೋಯಿತು.

ಎರಡನೇ ವಾರ ಹೊಸ ರೂಟರ್ ತಂದೆ, ನಾಲ್ಕು ಕೊಂಬಿನದು, 3,400. ಬಾಕ್ಸಿನಿಂದ ಒಂದು ವೈರ್ ಎಳೆದು ಇದಕ್ಕೆ ಹಾಕಿದೆ. ವೈಫೈ ಹೆಸರು ಬಂತು, ನೆಟ್ ಬರಲಿಲ್ಲ. ಬ್ರೌಸರಿನಲ್ಲಿ ಸೆಟ್ಟಿಂಗ್ ಪೇಜಿನ ವಿಳಾಸ 192.168.1.1 ಹೊಡೆದರೆ ಒಮ್ಮೆ ಹಳೇ ಬಾಕ್ಸಿನ ಪೇಜು ಬರುತ್ತದೆ, ಒಮ್ಮೆ ಹೊಸ ರೂಟರಿನದು. ಯಾವುದಕ್ಕೆ ಏನು ಮಾಡುತ್ತಿದ್ದೇನೆ ಅಂತ ನನಗೇ ಗೊತ್ತಾಗದ ಹಾಗಾಯಿತು. ರಾತ್ರಿ ಒಂದು ಗಂಟೆಗೆ ಸಿಟ್ಟು ಬಂದು ಹಳೇ ಬಾಕ್ಸಿನ ಹಿಂದಿನ ತೂತಿಗೆ ಸೇಫ್ಟಿ ಪಿನ್ ಚುಚ್ಚಿ ರೀಸೆಟ್ ಮಾಡಿದೆ. ಅಲ್ಲಿಗೆ ಕತೆ ಮುಗಿಯಿತು. ಅದರೊಳಗೆ ನಮ್ಮ ಕನೆಕ್ಷನ್ನಿನ ಯೂಸರ್ ನೇಮು, ಪಾಸ್‌ವರ್ಡು ಇರುತ್ತದಂತೆ, ಅದೂ ಅಳಿಸಿಹೋಯಿತಂತೆ. ಎರಡು ದಿನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡಿದೆ. ಮೂರನೇ ದಿನ ಹುಡುಗ ಬಂದ, ಎರಡು ನಿಮಿಷದಲ್ಲಿ ಏನೋ ಟೈಪ್ ಮಾಡಿದ, "ಸಾರ್, ಇನ್ನೊಂದ್ಸಲ ಪಿನ್ ಹಾಕ್ಬೇಡಿ" ಅಂತ ಚಿಕ್ಕ ಮಗುವಿಗೆ ಹೇಳಿದ ಹಾಗೆ ಹೇಳಿ ಹೋದ.

ಈಗ ನಮ್ಮನೆಯಲ್ಲಿ ಏನು ನಡೆಯುತ್ತಿದೆ ಅಂದರೆ, ನಾನು ಕೆಳಗೆ ಬಾಕ್ಸ್ ತಿರುಗಿಸುವುದು, ಮಗ ಮೇಲಿನ ರೂಮಿನಿಂದ "ನಾಲ್ಕು... ಮೂರು... ಅಪ್ಪಾ ಹೋಯ್ತು!" ಅಂತ ಕೂಗುವುದು. ನಮ್ಮಪ್ಪ ಪೇಪರ್ ಓದುತ್ತಾ, "ದೂರದರ್ಶನದ ಆಂಟೆನಾ ತಿರುಗಿಸೋವಾಗ ನೀನೂ ಹಿಂಗೇ ಕೂಗ್ತಿದ್ದೆ" ಅಂತ ನಗುತ್ತಾರೆ.

ಈಗ ಹೇಳಿ. ಇನ್ನೂ ದೊಡ್ಡ ರೂಟರ್ ತಗೋಬೇಕಾ? ಎರಡು ಮೂರು ಡಬ್ಬ ಸೇರಿ ಮನೆಗೆಲ್ಲ ಒಂದೇ ವೈಫೈ ಕೊಡುವ ಮೆಶ್ ಅಂತಾರಲ್ಲ, ಅದಾ? ಪ್ಲಾನ್ 300ಕ್ಕೆ ಏರಿಸಬೇಕಾ? ಹೆಂಡತಿಯಂತೂ ಇನ್ನೊಂದು ಕೊಂಬಿನ ಡಬ್ಬ ಮನೆಯೊಳಗೆ ಬಂದರೆ ಡಬ್ಬದ ಜೊತೆ ನನ್ನನ್ನೂ ಹೊರಗಿಡುತ್ತೇನೆ ಅಂದಿದ್ದಾಳೆ.


ಸೈನೈಡ್‌ಗುಡ್ಡ_ಕೆಜಿಎಫ್
ಶನಿವಾರ, ರಾತ್ರಿ 11:41

ಮೂರು ಪೀಸಿನ ಮೆಶ್ ಸೆಟ್ ತಗೊಳ್ಳಿ ಸಾರ್, ಕೆಳಗೊಂದು, ನಡುವೆ ಒಂದು, ಮೇಲೊಂದು. ಕೆಲಸ ಮುಗೀತು. ಹತ್ತು ಸಾವಿರ ಆಗಬಹುದು, ತಲೆನೋವು ಇರಲ್ಲ.


ಟೇಕಲ್_ಬಂಡೆ
ಭಾನುವಾರ, ಬೆಳಿಗ್ಗೆ 6:50

ಮಹಡಿಮನೆ ಸಾರ್, ಮೊದಲು ಒಂದು ಮಾತು. ಸದ್ಯಕ್ಕೆ ಒಂದು ರೂಪಾಯಿ ಕೂಡ ಖರ್ಚು ಮಾಡಬೇಡಿ. ಪ್ಲಾನ್ ಅಂತೂ ಮುಟ್ಟಲೇಬೇಡಿ. ಹಾಲ್‌ನಲ್ಲಿ 92 ಬರುತ್ತಿದೆ ಅಂದರೆ ಬೀದಿಯಿಂದ ಬಾಕ್ಸಿನವರೆಗೆ ಎಲ್ಲಾ ಸರಿಯಾಗಿದೆ. ನಲ್ಲಿಯಲ್ಲಿ ನೀರು ಜೋರಾಗಿಯೇ ಬರುತ್ತಿದೆ, ನೀವು ಬಿಂದಿಗೆ ಹೊತ್ತು ಮಹಡಿ ಹತ್ತುವಷ್ಟರಲ್ಲಿ ಚೆಲ್ಲಿಹೋಗುತ್ತಿದೆ. 300ರ ಪ್ಲಾನ್ ಹಾಕಿಸಿದರೆ ಹಾಲ್‌ನಲ್ಲಿ 280 ಬರುತ್ತದೆ, ಮೇಲೆ ಅದೇ 3.

ನಾನು ಕೋಲಾರ, ಮಾಲೂರು ಕಡೆ ಅಂಗಡಿ, ಕ್ಲಿನಿಕ್, ಸಣ್ಣ ಶಾಲೆಗಳಿಗೆ ಕ್ಯಾಮೆರಾ, ನೆಟ್‌ವರ್ಕ್ ಹಾಕಿಕೊಡುವವನು. ನಮ್ಮ ಟೇಕಲ್‌ನಲ್ಲಿ ಮನೆ ಅಂದರೆ ಕಲ್ಲು. ಕಂಬ ಕಲ್ಲು, ಗೋಡೆ ಕಲ್ಲು, ತಾರಸಿಗೂ ಚಪ್ಪಡಿ. ಅದಕ್ಕೇ ನಿಮ್ಮ ಕತೆ ಓದುತ್ತಿದ್ದ ಹಾಗೇ ಇದು ನಮ್ಮನೆಯದೇ ಅನ್ನಿಸಿತು. ನಿಮ್ಮ ರೂಟರಿನಲ್ಲಿ ದೋಷ ಇಲ್ಲ. ಇರುವುದು ಗೋಡೆಯಲ್ಲಿ.

ವೈಫೈ ಸಾಮಾನ್ಯವಾಗಿ ಎರಡು ದಾರಿಯಲ್ಲಿ, ಅಂದರೆ ಎರಡು ರೇಡಿಯೋ ಅಲೆಯಲ್ಲಿ ಬರುತ್ತದೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. 5 ವೇಗ, ಆದರೆ ಗೋಡೆ ಕಂಡರೆ ಸುಸ್ತು. 2.4 ನಿಧಾನ, ಆದರೆ ಹೆಚ್ಚು ದೂರ ಹೋಗುತ್ತದೆ, ತೆಳು ಇಟ್ಟಿಗೆ ಗೋಡೆಯಾದರೆ ಒಂದೆರಡನ್ನು ದಾಟುತ್ತದೆ. ಒಂದೂವರೆ ಅಡಿ ಕಲ್ಲಿನ ಮುಂದೆ ಎರಡೂ ಕೈಚೆಲ್ಲುತ್ತವೆ. ಕಬ್ಬಿಣ, ಕನ್ನಡಿ, ನೀರು ಇದ್ದರೆ ಇನ್ನೂ ಕಷ್ಟ. ಕಬ್ಬಿಣ ವಾಪಸ್ ಹೊಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಮಾಲೂರಿನಲ್ಲಿ ಒಂದು ಕ್ಲಿನಿಕ್‌ನಲ್ಲಿ ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ರೂಟರ್ ಮುಂದೆ ಮೂರಡಿ ಉದ್ದದ ಮೀನಿನ ತೊಟ್ಟಿ ಇತ್ತು.

ಎಕ್ಸ್‌ಟೆಂಡರ್ ಕೂಡ ಕೆಟ್ಟದ್ದಲ್ಲ, ಇಟ್ಟ ಜಾಗ ತಪ್ಪು. ಅದು ನೆಟ್ ಹುಟ್ಟಿಸುವುದಿಲ್ಲ. ಕೇಳಿಸಿಕೊಂಡದ್ದನ್ನೇ ಮತ್ತೆ ಕೂಗಿ ಹೇಳುತ್ತದೆ, ಅಷ್ಟೇ. ಸರಿಯಾಗಿ ಕೇಳಿಸದ ಜಾಗದಲ್ಲಿ ಕೂರಿಸಿದರೆ ಪಾಪ ಅದು ಏನು ಹೇಳೀತು? ನಿಮಗೆ ಕಂಡ ಫುಲ್ ಕಡ್ಡಿ ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನದ್ದು, ಇಬ್ಬರೂ ಒಂದೇ ರೂಮಿನಲ್ಲಿದ್ದೀರಲ್ಲ. ಎಕ್ಸ್‌ಟೆಂಡರಿಗೂ ಹಾಲ್‌ನ ಬಾಕ್ಸಿಗೂ ನಡುವೆ ಎಷ್ಟಿದೆ ಅಂತ ಆ ಕಡ್ಡಿ ಹೇಳುವುದಿಲ್ಲ. ಅದೂ ಅಲ್ಲದೆ ಕಡಿಮೆ ಬೆಲೆಯವುಗಳಲ್ಲಿ ಒಂದೇ ರೇಡಿಯೋದಲ್ಲಿ ಕೇಳುವುದು, ಹೇಳುವುದು ಎರಡೂ ನಡೆಯಬೇಕು, ಹಾಗಾಗಿ ಅರ್ಧ ಸ್ಪೀಡ್ ಅಲ್ಲೇ ಹೋಗುತ್ತದೆ. ಕೆಜಿಎಫ್ ಅಣ್ಣ ಹೇಳಿದ ಮೆಶ್‌ಗೂ ಇದೇ ಮಾತು. ಮೆಶ್ ಒಳ್ಳೆಯದೇ, ಆದರೆ ತಂತಿ ಎಳೆಯದಿದ್ದರೆ ಅವುಗಳೂ ಒಂದಕ್ಕೊಂದು ಗಾಳಿಯಲ್ಲೇ ಮಾತಾಡಬೇಕು. ನಡುವೆ ಸೈಜುಗಲ್ಲು ಇದ್ದರೆ ಹತ್ತು ಸಾವಿರ ಕೊಟ್ಟು ಇದೇ ತಲೆನೋವನ್ನು ಮತ್ತೆ ಕೊಂಡುಕೊಂಡ ಹಾಗೆ.

ಹಾಗಾಗಿ ಇವತ್ತು ಭಾನುವಾರ, ಒಂದು ಕೆಲಸ ಮಾಡಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅಳೆಯುವ ಆಪ್ ಯಾವುದಾದರೂ ಹಾಕಿಕೊಳ್ಳಿ, ಬಿಟ್ಟಿಯಾಗಿ ಬೇಕಾದಷ್ಟಿವೆ. ಅದು ಸಿಗ್ನಲ್ಲನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ ಲೆಕ್ಕ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. -50 ಬಂದರೆ ಮಜಾ. -67ರ ತನಕ ವಿಡಿಯೋ ಕಾಲ್ ಆರಾಮಾಗಿ ನಡೆಯುತ್ತದೆ. -75 ದಾಟಿದರೆ ಚಕ್ರ ಸುತ್ತಲು ಶುರು. -85 ಅಂದರೆ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ. ಒಂದು ಹಾಳೆಯಲ್ಲಿ ಮನೆ ನಕ್ಷೆ ಗೀಚಿ, ಒಂದೊಂದು ರೂಮಿನಲ್ಲಿ ನಿಂತು ಬರೆದುಕೊಳ್ಳಿ.

ಇನ್ನೊಂದು, ಬಾಕ್ಸ್ ಇರುವ ಗೋಡೆಯ ಆಚೆ ಬದಿಯಲ್ಲಿ ಏನಿದೆ ಅಂತ ಹೋಗಿ ನೋಡಿ. ಹೇಳುವುದಕ್ಕೆ ಸಣ್ಣ ವಿಷಯ, ನೋಡಿ ಹೇಳಿ.


ಪಾವಗಡ_ಬಿಸಿಲು
ಭಾನುವಾರ, ಬೆಳಿಗ್ಗೆ 9:15

ನಮ್ಮೂರಿನಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ ಗುರು, ನಮ್ಮನೆ ರೂಟರಿಗೆ ಮಧ್ಯಾಹ್ನ ಕರೆಂಟಿಲ್ಲ. ನಿಮ್ಮದೆಲ್ಲ ಶ್ರೀಮಂತರ ಸಮಸ್ಯೆ ಬಿಡಿ.

ತಮಾಷೆಗೆ ಹೇಳಿದೆ. ಕರೆಂಟ್ ಹೋದ ತಕ್ಷಣ ನೆಟ್ ಹೋಗದಿರಲಿ ಅಂತ ನಾನು ಒಂದು ಮಿನಿ ಯುಪಿಎಸ್ ಹಾಕಿದ್ದೇನೆ, ಅಂಗೈ ಅಗಲದ ಡಬ್ಬ. ಬಾಕ್ಸ್ ತಿನ್ನುವ ಕರೆಂಟ್ ತುಂಬಾ ಕಡಿಮೆ, ನಮ್ಮನೆಯಲ್ಲಿ ಮೂರು ಗಂಟೆ ಎಳೆಯುತ್ತದೆ. ತಗೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ನೋಡಿ. ನಾನು 9 ವೋಲ್ಟಿನ ಹಳೇ ರೂಟರಿಗೆ 12 ಕೊಟ್ಟು ಸುಟ್ಟುಕೊಂಡಿದ್ದೇನೆ. ಪಿನ್ ಮಾತ್ರ ಎರಡಕ್ಕೂ ಒಂದೇ ಸೈಜು, ಸಲೀಸಾಗಿ ಒಳಗೆ ಹೋಯಿತು ಕಳ್ಳನನ್ಮಗಂದು.


ಶಿಡ್ಲಘಟ್ಟ_ಗೂಡು
ಭಾನುವಾರ, ಬೆಳಿಗ್ಗೆ 10:30

ಮಹಡಿಮನೆ ಸಾರ್, ನಿಮ್ಮ ಸೇಫ್ಟಿ ಪಿನ್ ಕತೆ ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸಿ. ನಾನೂ ಚುಚ್ಚಿದ್ದೇನೆ, ಕಿವಿಯೋಲೆಯಲ್ಲಿ. ಆಮೇಲಿನಿಂದ ಕನೆಕ್ಷನ್ನಿನ ಯೂಸರ್ ನೇಮು, ಪಾಸ್‌ವರ್ಡನ್ನು ಆಪರೇಟರ್ ಹತ್ತಿರ ಕೇಳಿ ಬರೆಸಿಕೊಂಡು, ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇನೆ. ನೀವೂ ಮೊದಲು ಅದನ್ನು ಮಾಡಿ.

ನಮ್ಮದು ಬೇರೆ ತರಹದ ಕಷ್ಟ. ನಮ್ಮನೆ ಹಿತ್ತಲಲ್ಲಿ ಹುಳು ಮನೆ ಇದೆ, ರೇಷ್ಮೆ ಸಾಕುತ್ತೇವೆ. ಒಳಗೆ ಶಾಖ 24ರಿಂದ 28 ಡಿಗ್ರಿ ಒಳಗಿರಬೇಕು, ತೇವವೂ ಸರಿ ಇರಬೇಕು, ರಾತ್ರಿ ಎರಡು ಸಲ ಎದ್ದು ಹೋಗಿ ನೋಡುವ ಬದಲು ಒಂದು ವೈಫೈ ಥರ್ಮಾಮೀಟರು, ಒಂದು ಕ್ಯಾಮೆರಾ ಹಾಕೋಣ ಅಂತ ಮಗಳು ತರಿಸಿದಳು. ಎರಡು ದಿನ ಹೆಣಗಿದರೂ ಎರಡೂ ಕನೆಕ್ಟ್ ಆಗಲಿಲ್ಲ. ಅಂಗಡಿಯವನನ್ನು ಕೇಳಿದರೆ "ಮೇಡಂ ನಿಮ್ಮ ರೂಟರ್ 5ಜಿ, ಫೋನು 4ಜಿ, ಅದಕ್ಕೇ ಆಗ್ತಿಲ್ಲ, ಫೋನ್ ಚೇಂಜ್ ಮಾಡಿ" ಅಂದ! ನಾನು ಹದಿನೈದು ಸಾವಿರದ ಫೋನ್ ನೋಡಲು ಹೊರಟಿದ್ದೆ.

ಆಮೇಲೆ ಗೊತ್ತಾಯಿತು, ವೈಫೈ ಹೆಸರಿನ ಕೊನೆಯಲ್ಲಿ ಇರುವ 5ಜಿಗೂ ಮೊಬೈಲ್ ಟವರಿನ 5ಜಿಗೂ ಸಂಬಂಧವೇ ಇಲ್ಲ. ಅದು ಮೇಲೆ ಹೇಳಿದರಲ್ಲ, ಆ 5 ಗಿಗಾಹರ್ಟ್ಜ್. ಈ ಸಣ್ಣ ಕ್ಯಾಮೆರಾ, ಬಲ್ಬು, ಥರ್ಮಾಮೀಟರು, ಮನೆ ಪ್ರಿಂಟರು, ಇವುಗಳಲ್ಲಿ ಮುಕ್ಕಾಲು ಪಾಲು 2.4 ಮಾತ್ರ ಕೇಳಿಸಿಕೊಳ್ಳುತ್ತವೆ. ನನ್ನ ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರು ಇತ್ತು, ಸೆಟಪ್ ಮಾಡುವಾಗ ಫೋನು 5ರಲ್ಲಿ ಕೂತಿರುತ್ತಿತ್ತು, ಕ್ಯಾಮೆರಾ 2.4ರಲ್ಲಿ ಹುಡುಕುತ್ತಿತ್ತು. ಇವನು ಎದುರು ಬಾಗಿಲಲ್ಲಿ ಕಾಯುವುದು, ಅವಳು ಹಿತ್ತಲ ಬಾಗಿಲಲ್ಲಿ ಕಾಯುವುದು, ಆ ತರಹ. ರೂಟರ್ ಪೇಜಿಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟೆ. 2.4ರ ಹೆಸರಿಗೆ ಫೋನನ್ನೂ ಸೇರಿಸಿಕೊಂಡು ಸೆಟಪ್ ಮಾಡಿದೆ, ಎರಡೇ ನಿಮಿಷ. ಹೊಸ ರೂಟರಿನಲ್ಲಿ ಸೆಕ್ಯೂರಿಟಿ (ಪಾಸ್‌ವರ್ಡ್ ಕಾಯುವ ಬಗೆ) ಡಬ್ಲ್ಯೂಪಿಎ3 ಮಾತ್ರ ಅಂತ ಇದ್ದರೆ ಅದನ್ನು ಡಬ್ಲ್ಯೂಪಿಎ2ಕ್ಕೆ ಇಳಿಸಿ, ಹಳೇ ಸಾಮಾನು ಡಬ್ಲ್ಯೂಪಿಎ3ಕ್ಕೆ ಸೇರುವುದಿಲ್ಲ.

ಒಂದು ಅನುಮಾನ ಇದೆ. ಸಂಜೆ ಅಡುಗೆಮನೆಯಲ್ಲಿ ಓವನ್ ಹಾಕಿದಾಗ ಕ್ಯಾಮೆರಾ ನಿಂತುಹೋಗುತ್ತದೆ. ಇದು ನನ್ನ ಭ್ರಮೆಯಾ?


ಟೇಕಲ್_ಬಂಡೆ
ಭಾನುವಾರ, ಮಧ್ಯಾಹ್ನ 12:05

ಭ್ರಮೆ ಅಲ್ಲ ಅಕ್ಕ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಜ್ ಆಸುಪಾಸಿನಲ್ಲೇ. ಒಳಗಿಂದ ಚೂರುಪಾರು ಹೊರಗೆ ಸೋರಿದರೂ ವೈಫೈಗೆ ಗಲಾಟೆ. ಓವನ್ನೂ ರೂಟರೂ ಒಂದೇ ಗೋಡೆಗೆ ಇದ್ದರೆ ಒಂದನ್ನು ದೂರ ಸರಿಸಿ, ಅಥವಾ ಚಾನೆಲ್, ಅಂದರೆ 2.4ರೊಳಗಿನ ಸಣ್ಣ ಓಣಿ, ಬದಲಾಯಿಸಿ ನೋಡಿ.

ಚಾನೆಲ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಮಹಡಿಮನೆ ಸಾರ್‌ಗೂ ಬೇಕಾಗುತ್ತದೆ. ನಮ್ಮ ದೇಶದಲ್ಲಿ 2.4 ಅನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಆಗಿದ್ದು 2005ರಲ್ಲಿ, 5ರಲ್ಲಿ ಇಷ್ಟು ಅಗಲ ಜಾಗ ಬಿಟ್ಟುಕೊಟ್ಟಿದ್ದು 2018ರಲ್ಲಿ. ಹಾಗಾಗಿ ಹಳೇ ಸಾಮಾನೆಲ್ಲ 2.4ರಲ್ಲೇ ತುಂಬಿಕೊಂಡಿದೆ. ಚಿಕ್ಕಪೇಟೆಯಂಥ ಕಡೆ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಇಪ್ಪತ್ತು ಮನೆಯ ವೈಫೈ ಒಂದರ ಮೇಲೊಂದು ಕೂಗುತ್ತಿರುತ್ತವೆ. 2.4ರಲ್ಲಿ 13 ಚಾನೆಲ್ ಇವೆ, ಆದರೆ ಒಂದರ ಮೇಲೊಂದು ಬೀಳದವು ಮೂರೇ: 1, 6, 11. ಆಪ್‌ನಲ್ಲಿ ನೋಡಿ, ಯಾವುದರಲ್ಲಿ ಜನ ಕಡಿಮೆ ಇದ್ದಾರೋ ಅದಕ್ಕೆ ಹಾಕಿ. ಚಾನೆಲ್ಲಿನ ಅಗಲವನ್ನು 40 ಮೆಗಾಹರ್ಟ್ಜ್‌ನಿಂದ 20ಕ್ಕೆ ಇಳಿಸಿ. ಕಡಿಮೆ ಮಾಡಿದರೆ ಸ್ಪೀಡ್ ಹೋಗುತ್ತದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗುಂಪಿನಲ್ಲಿ ಕೈ ಅಗಲಿಸಿಕೊಂಡು ನಡೆದರೆ ಬೇಗ ಹೋಗುವುದಕ್ಕಾಗುತ್ತದಾ?


ಮಹಡಿಮನೆ_ತುಮಕೂರು
ಭಾನುವಾರ, ರಾತ್ರಿ 9:40

ಟೇಕಲ್ ಅಣ್ಣ, ನಿಮ್ಮ ಕಾಲಿಗೆ ಬೀಳಬೇಕು.

ಅಳೆದೆ. ಹಾಲ್ -42. ನಡುಮನೆ -68. ಅಡುಗೆಮನೆ -79. ಮೇಲಿನ ರೂಮು -86. ಅಕ್ಕಪಕ್ಕದ ವೈಫೈ ಎಣಿಸಿದರೆ 23 ಹೆಸರು ಬಂತು, ಅದರಲ್ಲಿ ಮುಕ್ಕಾಲು 6ರಲ್ಲೇ ಇವೆ. ನಾನೂ ಅಲ್ಲೇ ಇದ್ದೆ. 11ಕ್ಕೆ ಹಾಕಿದೆ.

ಆಮೇಲೆ ಗೋಡೆಯ ಆಚೆ ಬದಿ ನೋಡಿದೆ. ಆಚೆ ಕೋಣೆಯಲ್ಲಿ, ಸರಿಯಾಗಿ ಬಾಕ್ಸಿನ ಬೆನ್ನಿಗೆ, ಅಮ್ಮನ ಕಬ್ಬಿಣದ ಬೀರು ನಿಂತಿದೆ! ಆಳೆತ್ತರದ ಕನ್ನಡಿ ಬೇರೆ. ಬೀರಿನ ಮೇಲೆ ಹಿತ್ತಾಳೆ ಪಾತ್ರೆಯ ಮೂಟೆ. ವೈಫೈ ಕಲ್ಲು ದಾಟಿ ಬಂದರೆ ಕಬ್ಬಿಣ, ಕಬ್ಬಿಣ ದಾಟಿದರೆ ಹಿತ್ತಾಳೆ. ಮೂರು ವಾರದಿಂದ ಇದನ್ನು ದಾಟಿಸುವುದಕ್ಕೆ ನಾನು ದುಡ್ಡು ಸುರಿಯುತ್ತಿದ್ದೆ.

ಬೀರು ಸರಿಸೋಣ ಅಂದೆ. ಅಮ್ಮ ಒಂದೇ ಮಾತು: "ನೈಋತ್ಯ ಮೂಲೆ ಬೀರು, ಅಲ್ಲಾಡಿಸಂಗಿಲ್ಲ." ಮದುವೆಯಲ್ಲಿ ತವರಿನಿಂದ ಬಂದ ಬೀರಂತೆ, ಅದರ ಮುಂದೆ ನಾನು ಯಾರು, ನನ್ನ ವೈಫೈ ಯಾರು. ಸರಿ, ಬಾಕ್ಸನ್ನೇ ಸರಿಸೋಣ ಅಂತ ಟಿವಿ ಎಳೆದು ಹಿಂದೆ ನೋಡಿದರೆ, "ವೈರ್ ಇಷ್ಟೇ" ಅಂದಿದ್ದ ಆ ಹುಡುಗ ಸುಮಾರು ಆರು ಮೀಟರ್ ಫೈಬರನ್ನು ಸುರುಳಿ ಸುತ್ತಿ ಟೇಪು ಹೊಡೆದು ಅಲ್ಲೇ ಬಿಟ್ಟಿದ್ದಾನೆ. ಎರಡು ನಿಮಿಷ ಸುಮ್ನೆ ಅದನ್ನೇ ನೋಡುತ್ತಾ ನಿಂತೆ.

ಈಗ ಬಾಕ್ಸ್ ಹಾಲ್‌ಗೂ ನಡುಮನೆಗೂ ನಡುವಿನ ಬಾಗಿಲ ಮೇಲಿದೆ, ಗಣಪತಿ ಫೋಟೋ ಪಕ್ಕದಲ್ಲಿ. ಬಾಗಿಲಿನಿಂದಲೇ ಸಿಗ್ನಲ್ ನುಗ್ಗುತ್ತದೆ. ನಡುಮನೆ -51. ಅಡುಗೆಮನೆ -63. ಮೇಲಿನ ರೂಮು -77, ಸ್ಪೀಡು 11. ಖರ್ಚು ಸೊನ್ನೆ. ಅಪ್ಪನ ಮುಂದೆ ಸ್ವಲ್ಪ ಮರ್ಯಾದೆ ಬಂತು.

ಆದರೆ ಮೇಲೆ 11 ಸಾಲದು ಅಣ್ಣ, ಇಬ್ಬರು ಮೀಟಿಂಗ್‌ನಲ್ಲಿದ್ದರೆ ಮತ್ತೆ ಚಕ್ರ. ಮುಂದೇನು?


ಟೇಕಲ್_ಬಂಡೆ
ಭಾನುವಾರ, ರಾತ್ರಿ 10:25

ಬೀರು ಅಂತ ನನಗೆ ಅನುಮಾನ ಇತ್ತು. ಹತ್ತು ಮನೆಗೆ ಹೋದರೆ ಆರು ಮನೆಯಲ್ಲಿ ಬೀರೇ.

ಫೈಬರ್ ಸುರುಳಿಯನ್ನು ಕೈಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಅದರೊಳಗೆ ಇರುವುದು ಕೂದಲೆಳೆಯಷ್ಟು ಸಣ್ಣ ಗಾಜು, ಬೆಳಕು ಹರಿಯಬೇಕು. ಜಾಸ್ತಿ ಬಾಗಿಸಿದರೆ ಬೆಳಕು ಸೋರುತ್ತದೆ, ಬಾಕ್ಸಿನಲ್ಲಿ ಸಿಗ್ನಲ್ ತಪ್ಪಿದೆ ಅಂತ ಹೇಳುವ ಎಲ್‌ಒಎಸ್ ದೀಪ ಕೆಂಪಗೆ ಮಿಟುಕಲು ಶುರುವಾಗುತ್ತದೆ. ಹಾಗೆ ಮಿಟುಕಿದರೆ ಆಪರೇಟರನ್ನೇ ಕರೆಯಬೇಕು, ಸೆಟ್ಟಿಂಗ್ ಒಳಗೆ ಕೈಯಾಡಿಸಿ ಏನೂ ಉಪಯೋಗ ಇಲ್ಲ.

ಮುಂದೆ ಮಾಡುವುದು ಒಂದೇ. ತಂತಿ ಎಳೆಯಿರಿ. ಬಾಕ್ಸಿನಿಂದ ಮೇಲಿನ ರೂಮಿನವರೆಗೆ ಒಂದು ಲ್ಯಾನ್ ಕೇಬಲ್, ಮೇಲೆ ನಿಮ್ಮ ನಾಲ್ಕು ಕೊಂಬಿನ ರೂಟರ್. ಹೊಸದೇನೂ ತರಬೇಕಿಲ್ಲ, ಕೇಬಲ್ ಒಂದೇ. ಜನಕ್ಕೆ ಇದು ಹಳೇ ಕಾಲದ್ದು ಅನ್ನಿಸುತ್ತದೆ, ಗೋಡೆ ಮೇಲೆ ವೈರ್ ಕಾಣುತ್ತದೆ ಅಂತ ಮನೆಯವರು ಮುಖ ಸಿಂಡರಿಸುತ್ತಾರೆ. ಆದರೆ ಕಲ್ಲಿನ ಮನೆಗೆ ಇದಕ್ಕಿಂತ ಗಟ್ಟಿ ದಾರಿ ನಾನು ಕಂಡಿಲ್ಲ. 100 ಮೀಟರಿನವರೆಗೆ ಚಿಂತೆ ಇಲ್ಲದೆ ಹೋಗುತ್ತದೆ.

ಕೇಬಲ್ ಕ್ಯಾಟ್6 ಅನ್ನುವ ದರ್ಜೆಯದು ತಗೊಳ್ಳಿ, ಒಳಗೆ ಪೂರ್ತಿ ತಾಮ್ರ ಇರಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಬಣ್ಣ ಬಳಿದ ಹಾಗಿರುವ ಅಗ್ಗದ ಮಾಲು ಬರುತ್ತದೆ, ಸಿಸಿಎ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಬೇಡ. ಒಂದು ಎಳೆಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಹೊರಗೋಡೆಯ ಮೇಲೆ ಬಿಸಿಲಿಗೆ ಬೀಳುವ ಹಾಗಿದ್ದರೆ ಹೊರಗೆ ಹಾಕುವ ಕಪ್ಪು ಕೇಬಲ್ ಕೇಳಿ, ಇಲ್ಲದಿದ್ದರೆ ಸ್ವಲ್ಪ ವರ್ಷಕ್ಕೆ ಸಿಪ್ಪೆ ಬಿರಿಯುತ್ತದೆ. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ತುರುಕಬೇಡಿ.

ಮೇಲಿನ ರೂಟರನ್ನು ವೈರ್ ಹಾಕುವ ಮೊದಲೇ ಸರಿ ಮಾಡಿಕೊಳ್ಳಿ. ನಿಮಗೆ ಅವತ್ತು ನೆಟ್ ಬರದಿದ್ದಕ್ಕೆ ಕಾರಣ, ಎರಡೂ ಡಬ್ಬ ತನ್ನ ವಿಳಾಸ 192.168.1.1 ಅಂತ ಹೇಳುತ್ತಿದ್ದವು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಹೊಸ ರೂಟರಿನ ವಿಳಾಸವನ್ನು 192.168.1.2 ಮಾಡಿ. ಆಮೇಲೆ ಅದರಲ್ಲಿ ಡಿಎಚ್‌ಸಿಪಿ ಅಂತ ಇರುತ್ತದೆ, ಅದನ್ನು ಆಫ್ ಮಾಡಿ, ವಿಳಾಸ ಹಂಚುವ ಕೆಲಸ ಕೆಳಗಿನ ಬಾಕ್ಸ್ ಒಂದೇ ಮಾಡಲಿ. ಕೆಳಗಿನಿಂದ ಬರುವ ಕೇಬಲನ್ನು ಮೇಲಿನ ರೂಟರಿನ ವ್ಯಾನ್ ತೂತಿಗೆ (ಹೊರಗಿನ ನೆಟ್ ಬರುವ ಕಡೆ) ಹಾಕದೆ ಲ್ಯಾನ್ ತೂತಿಗೆ (ಮನೆಯೊಳಗಿನ ಸಾಮಾನು ಸೇರುವ ಕಡೆ) ಹಾಕಿ. ಕೆಲವು ರೂಟರಿನಲ್ಲಿ ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಅದನ್ನು ಒತ್ತಿದರೆ ಇದೆಲ್ಲ ತಾನೇ ಆಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಕೆಳಗಿನದ್ದೇ ಇಡಿ, ಫೋನು ಹತ್ತಿ ಇಳಿಯುವಾಗ ತಾನೇ ಬದಲಾಯಿಸಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆ ಇರಲಿ.

ಸೇಫ್ಟಿ ಪಿನ್ ಎಲ್ಲಾದರೂ ಬಚ್ಚಿಡಿ.


ಸೈನೈಡ್‌ಗುಡ್ಡ_ಕೆಜಿಎಫ್
ಭಾನುವಾರ, ರಾತ್ರಿ 10:50

ಟೇಕಲ್ ಅಣ್ಣ ಹೇಳಿದ್ದು ಒಪ್ಪಿದೆ. ನಮ್ಮದು ಇಟ್ಟಿಗೆ ಗೋಡೆ ಮನೆ, ಮೆಶ್ ಚೆನ್ನಾಗಿ ನಡೀತಿದೆ, ಅದಕ್ಕೇ ಹಾಗೆ ಹೇಳಿದ್ದೆ. ಕಲ್ಲು ಅನ್ನುವುದನ್ನು ಓದಿಯೂ ತಲೆಗೆ ಹೋಗಲಿಲ್ಲ.


ಮಹಡಿಮನೆ_ತುಮಕೂರು
ಗುರುವಾರ, ರಾತ್ರಿ 8:15

ಬುಧವಾರ ಸಂಜೆ ಕೇಬಲ್ ಎಳೆದೆವು. 22 ಮೀಟರ್ ಬೇಕಾಯಿತು, ಮೀಟರಿಗೆ 25 ರೂಪಾಯಿಯಂತೆ ಕೊಟ್ಟೆ. ಸೈಜುಗಲ್ಲಿಗೆ ತೂತು ಹೊಡೆಯುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಅಪ್ಪ ಎದ್ದು ಹೋಗಿ ಗವಾಕ್ಷಿ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದರು. ಹಿಂದೆ ಕೇಬಲ್ ಟಿವಿ ವೈರ್ ತಂದಿದ್ದ ತೂತು ಹಾಗೇ ಇದೆ, ಮೇಲೆ ಸುಣ್ಣ ಬಳಿದಿದ್ದರಿಂದ ಕಾಣುತ್ತಿರಲಿಲ್ಲ. ಆ ಹಳೇ ವೈರಿಗೇ ಹೊಸದನ್ನು ಕಟ್ಟಿ ಎಳೆದೆವು, ಸಲೀಸಾಗಿ ಬಂತು.

ತುದಿಗೆ ಪಿನ್ ಕ್ರಿಂಪ್ ಮಾಡಿಸಲು, ಅಂದರೆ ಒತ್ತಿ ಕೂರಿಸಲು, ಅಂಗಡಿಯ ಹುಡುಗನನ್ನು ಕರೆದುಕೊಂಡು ಬಂದೆ. ಕಿಚಕ್ ಕಿಚಕ್ ಅಂತ ಒತ್ತಿ ದುಡ್ಡು ತಗೊಂಡು ಹೋದ. ರೂಟರಿಗೆ ಹಾಕಿದರೆ ದೀಪವೇ ಇಲ್ಲ! ಆ ಕಡೆ ತುದಿ ನೋಡಿದರೆ ಒಂದು ತರಹ, ಈ ಕಡೆ ಇನ್ನೊಂದು ತರಹ ಬಣ್ಣ. ಕೈ ಬಿಡುವ ಹಾಗಿತ್ತು. ಆದರೆ ಅವನು ಆತುರದಲ್ಲಿ ಕ್ರಿಂಪಿಂಗ್ ಟೂಲ್ ಮರೆತು ಹೋಗಿದ್ದ, ಒಂದು ಹಿಡಿ ಪಿನ್ನೂ ಇತ್ತು. ಬಣ್ಣದ ಕ್ರಮ ಹುಡುಕಿ ಬರೆದುಕೊಂಡೆ. ನನಗೆ ಚಾಳೀಸು ಬೇಕು, ಹಾಕಿಕೊಂಡರೆ ಬೆವರಿಗೆ ಜಾರುತ್ತದೆ. ಅಪ್ಪ ಪಕ್ಕದಲ್ಲಿ ಕೂತು ಚೀಟಿ ಹಿಡಿದು ಓದಿದರು: "ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು." ಎಂಟು ಎಳೆ ಸಾಲಾಗಿ ಹಿಡಿದು, ತುದಿ ಸಮ ಕತ್ತರಿಸಿ, ಪಿನ್ನಿನೊಳಗೆ ತಳ್ಳುವಷ್ಟರಲ್ಲಿ ನೀಲಿ ಹಾರಿ ಪಕ್ಕಕ್ಕೆ ಹೋಗುವುದು. ಮತ್ತೆ ಶುರು. ನಾಲ್ಕನೇ ಸಲಕ್ಕೆ ಕೂತಿತು. ಅಪ್ಪನಿಗೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು, ಇವತ್ತು ಬೆಳಿಗ್ಗೆ ಹೂವು ಬಿಡಿಸುವಾಗಲೂ ಬಿಳಿ ಕಿತ್ತಳೆ, ಕಿತ್ತಳೆ ಅನ್ನುತ್ತಿದ್ದರು.

ಹಸಿರು ದೀಪ ಬಂತು. ಮೇಲಿನ ರೂಮಿನಲ್ಲಿ 93. ಮಗ ಮೂರು ಸಲ ಟೆಸ್ಟ್ ಮಾಡಿದ, ಮೂರು ಸಲವೂ 93.

ಒಂದು ಪ್ರಶ್ನೆ. 100 ಯಾಕೆ ಬರುವುದಿಲ್ಲ? ಇನ್ನೊಂದು, 93 ಇದ್ದರೂ ಫೈಲ್ ಡೌನ್‌ಲೋಡ್ ಮಾಡುವಾಗ 11, 12 ಅಂತ ತೋರಿಸುತ್ತದೆ. ಮತ್ತೆ ಏನಾದರೂ ತಪ್ಪಾಗಿದೆಯಾ?


ಟೇಕಲ್_ಬಂಡೆ
ಗುರುವಾರ, ರಾತ್ರಿ 9:00

ಏನೂ ತಪ್ಪಾಗಿಲ್ಲ ಸಾರ್. ಸ್ಪೀಡ್ ಟೆಸ್ಟ್ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಹೇಳುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್, 93ನ್ನು 8ರಿಂದ ಭಾಗಿಸಿ ನೋಡಿ. ಇನ್ನು 100ರ ಜಾಗದಲ್ಲಿ 93, 94 ಬರುವುದು ಮಾಮೂಲು, ಕಳಿಸುವ ಡೇಟಾ ಜೊತೆ ವಿಳಾಸದ ಚೀಟಿಗಳೂ ಹೋಗಬೇಕಲ್ಲ, ಅದಕ್ಕೂ ಜಾಗ ಬೇಕು. ನಾಳೆ ಪ್ಲಾನ್ 300ಕ್ಕೆ ಏರಿಸಿದಾಗಲೂ 94ರಲ್ಲೇ ನಿಂತರೆ ಆಗ ನನ್ನನ್ನು ಕೇಳಿ. ಎಂಟರಲ್ಲಿ ಒಂದು ಎಳೆ ಸರಿ ಕೂರದಿದ್ದರೂ ಗಿಗಾಬಿಟ್ (1000 ಮೆಗಾಬಿಟ್) ಹೋಗಿ 100ಕ್ಕೆ ಇಳಿಯಬಹುದು, ಇಲ್ಲವೇ ರೂಟರಿನ ತೂತೇ 100ರದ್ದಾಗಿರುತ್ತದೆ.

ಅಪ್ಪನಿಗೆ ನಮಸ್ಕಾರ ತಿಳಿಸಿ. ಕೋಲಾರ ಕಡೆ ಬಂದರೆ ಕ್ರಿಂಪಿಂಗ್ ಕೆಲಸ ಕೊಡುತ್ತೇನೆ.


ಶಿಡ್ಲಘಟ್ಟ_ಗೂಡು
ಗುರುವಾರ, ರಾತ್ರಿ 9:30

ಟೇಕಲ್ ಅಣ್ಣ, ಹಾಗಾದರೆ ನಾನೂ ಹುಳು ಮನೆಗೆ ತಂತಿಯೇ ಎಳೆಯಲಾ? ಮನೆಯಿಂದ 60 ಅಡಿ, ನಡುವೆ ಬಯಲು. ಈಗ ಮಳೆ ಬಂದರೆ ಕ್ಯಾಮೆರಾ ಹೋಗುತ್ತದೆ.


ಟೇಕಲ್_ಬಂಡೆ
ಗುರುವಾರ, ರಾತ್ರಿ 9:48

ಬಯಲಲ್ಲಿ ತಾಮ್ರದ ತಂತಿ ಎಳೆದರೆ ಸಿಡಿಲಿನ ಭಯ ಅಕ್ಕ. ಗುಡುಗುವಾಗ ಎರಡೂ ತುದಿಯ ಸಾಮಾನು ಸುಟ್ಟಿದ್ದು ನೋಡಿದ್ದೇನೆ. ಎಳೆಯಲೇಬೇಕು ಅಂದರೆ ಫೈಬರೇ ಎಳೆಸಿ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಎರಡು ತುದಿಗೆ ಎರಡು ಸಣ್ಣ ಕನ್ವರ್ಟರ್ ಬೇಕಾಗುತ್ತದೆ. ಅದಕ್ಕೆ ಮುಂಚೆ, ರೂಟರನ್ನು ಹಿತ್ತಲ ಕಿಟಕಿಗೆ ತಂದು ಇಟ್ಟು ನೋಡಿ. 60 ಅಡಿ ಬಯಲು 2.4ಕ್ಕೆ ಏನೂ ಅಲ್ಲ. ಹುಳು ಮನೆ ಗೋಡೆ ಯಾವುದು, ಶೀಟಾ?


ಶಿಡ್ಲಘಟ್ಟ_ಗೂಡು
ಗುರುವಾರ, ರಾತ್ರಿ 9:55

ಗೋಡೆ ಇಟ್ಟಿಗೆ, ಮೇಲೆ ಶೀಟು. ಬಾಗಿಲು ಮಾತ್ರ ಕಬ್ಬಿಣದ್ದು.

ಅಯ್ಯೋ, ಕ್ಯಾಮೆರಾ ಇರುವುದು ಬಾಗಿಲ ಹಿಂದೆಯೇ. ನಾಳೆ ಕಿಟಕಿ ಕಡೆ ಸರಿಸಿ ನೋಡಿ ಹೇಳುತ್ತೇನೆ.


ಮಹಡಿಮನೆ_ತುಮಕೂರು
ಶುಕ್ರವಾರ, ಬೆಳಿಗ್ಗೆ 7:10

ಇವತ್ತು ಮೊದಲ ಮೀಟಿಂಗ್ ಒಂಬತ್ತಕ್ಕೆ. ನಿನ್ನೆ ರಾತ್ರಿ ಪ್ರಿಂಟರನ್ನೂ ಸೇರಿಸೋಣ ಅಂತ ಕೂತೆ, ಶಿಡ್ಲಘಟ್ಟ ಅಕ್ಕ ಹೇಳಿದ ಹಾಗೆ 2.4ಕ್ಕೆ ಬೇರೆ ಹೆಸರಿಟ್ಟ ಮೇಲೆ ಅದೂ ಸೇರಿತು. ಒಂದು ಹಾಳೆ ಪ್ರಿಂಟ್ ತೆಗೆದು ಬಾಕ್ಸಿನ ಪಕ್ಕದಲ್ಲಿ ಅಂಟಿಸಿದ್ದೇನೆ: ಯೂಸರ್ ನೇಮು, ಪಾಸ್‌ವರ್ಡು, ಎರಡು ಡಬ್ಬದ ವಿಳಾಸ, ಕೆಳಗೆ ಬಣ್ಣದ ಕ್ರಮ.

ಎಕ್ಸ್‌ಟೆಂಡರ್ ಒಂದು ಮಿಕ್ಕಿದೆ, ಡಬ್ಬದ ಸಮೇತ. ಇಟ್ಟಿಗೆ ಗೋಡೆ ಮನೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ, ಬಟವಾಡಿ, ಕ್ಯಾತ್ಸಂದ್ರದ ತನಕ ನಾನೇ ತಂದು ಕೊಡುತ್ತೇನೆ.